ಅಲರ್ಜಿ ಇರುವ ಕೂಸಿಗೆ ಊಟ ಶುರು ಮಾಡೋದು ಹೇಗೆ

ಆರು ತಿಂಗಳು ತುಂಬಿದ್ದೇ ತಡ, ಮನೆಯವರೆಲ್ಲ ಕೂಸಿನ ಬಾಯಿಗೆ ಏನಾದರೂ ಇಡಲು ಕಾಯುತ್ತಿರುತ್ತಾರೆ. ಅಲರ್ಜಿ ಅಥವಾ ಜೋರು ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇರುವ ಕೂಸಾದರೆ ಒಂದು ಮಾತು ಗಟ್ಟಿ ಹಿಡಿಯಿರಿ: ಒಂದು ಸಲಕ್ಕೆ ಒಂದೇ ಹೊಸ ತಿನಿಸು, ಆಮೇಲೆ ಎರಡು ಮೂರು ದಿನ ನೋಡೋದು. ಗೋಧಿ, ಶೇಂಗಾ, ಬಾದಾಮಿ, ಬೇಳೆ ಎಲ್ಲ ಹುರಿದು ಒಟ್ಟಿಗೇ ಬೀಸಿ ತಿಂಗಳಿಗಾಗುವಷ್ಟು ಡಬ್ಬಿ ತುಂಬಿಡುವ ರೂಢಿ ಇದೆಯಲ್ಲ, ಅದು ಸದ್ಯ ಬೇಡ. ದದ್ದು ಎದ್ದರೆ ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು?

ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಅನ್ನ, ಜೋಳದ ನುಚ್ಚು, ಹೆಸರುಬೇಳೆ, ಗಜ್ಜರಿ, ಬಾಳೆಹಣ್ಣು ಇವುಗಳಿಂದ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಹೊಸದನ್ನು ಬೆಳಗ್ಗೆ ಕೊಡಿ, ಜ್ವರ ನೆಗಡಿ ಇದ್ದಾಗ ಬೇಡ. ಹಳ್ಳಿಯಲ್ಲಿದ್ದರೆ ಭಾನುವಾರವೂ ಬೇಡ, ಡಾಕ್ಟರ್ ಸಿಗುವ ದಿನವೇ ಇರಲಿ.

ಇನ್ನು ಶೇಂಗಾ. ನಮ್ಮ ಕಡೆ ಅದಿಲ್ಲದ ಅಡುಗೆ ಎಲ್ಲಿದೆ? ಚಟ್ನಿಪುಡಿ, ಎಣ್ಣೆಗಾಯಿ, ಹೋಳಿಗೆ, ಪಂಚಮಿ ಉಂಡಿ, ಎಲ್ಲದರಲ್ಲೂ ಇದೆ. ಹೆದರಿ ವರ್ಷಗಟ್ಟಲೆ ದೂರ ಇಟ್ಟರೆ ಒಳ್ಳೇದು ಅಂತ ಮೊದಲು ಹೇಳುತ್ತಿದ್ದರು. ಲಂಡನ್ನಿನಲ್ಲಿ 640 ಮಕ್ಕಳ ಮೇಲೆ ನಡೆದು 2015ರಲ್ಲಿ ಹೊರಬಂದ ಅಧ್ಯಯನ ಉಲ್ಟಾ ತೋರಿಸಿತು. ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ ಕೂಸುಗಳಿಗೆ ಮೊದಲ ವರ್ಷದಲ್ಲೇ ಶೇಂಗಾ ಕೊಡಲು ಶುರು ಮಾಡಿದಾಗ ಶೇಂಗಾ ಅಲರ್ಜಿ ತುಂಬಾ ಕಡಿಮೆಯಾಯಿತು. ಆದರೆ ಅಂಥ ಕೂಸಿಗೆ ಮೊದಲ ಸಲ ಡಾಕ್ಟರ್ ಹತ್ತಿರ ಕೇಳದೆ ಕೊಡಬೇಡಿ. ಅವರು ಸರಿ ಅಂದಮೇಲೆ, ಹುರಿದ ಶೇಂಗಾ ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿ, ಬಿಸಿನೀರಲ್ಲಿ ಗಂಟಿಲ್ಲದಂತೆ ಕಲಸಿ, ಆರಿಸಿ, ಚಮಚದ ತುದಿಯಷ್ಟು ನೆಕ್ಕಿಸಿ. ಹತ್ತು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನಕ್ಕೆ ಕೊಡಿ, ಎರಡು ತಾಸು ಕಣ್ಣಿಟ್ಟಿರಿ. ಒಗ್ಗಿದರೆ ವಾರಕ್ಕೆ ಮೂರು ಸಲದಂತೆ ಕೊಡುತ್ತಲೇ ಇರಬೇಕು. ಇಡೀ ಕಾಳು ಮಾತ್ರ ಐದು ವರ್ಷದವರೆಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೊಟ್ಟೆ ತಿನ್ನುವವರ ಮನೆಯಾದರೆ ಪೂರ್ತಿ ಬೆಂದದ್ದೇ ಕೊಡಿ.

ಆಕಳ ಹಾಲು ಆಗದ ಕೂಸಿಗೆ ಎಮ್ಮೆ ಹಾಲೋ ಆಡಿನ ಹಾಲೋ ಕೊಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೂರರಲ್ಲೂ ಪ್ರೋಟೀನ್ ಹೆಚ್ಚುಕಡಿಮೆ ಒಂದೇ ಥರದ್ದು, ಅದಕ್ಕೇ ಅವೂ ಆಗೋದಿಲ್ಲ. ಮೊಸರು, ಬೆಣ್ಣೆ, ಪೇಡೆ ಕೂಡ ಹಾಲೇ ಅಲ್ವಾ? ಅಂಗಡಿಯ ಬೇಬಿ ಸೀರಿಯಲ್‌ಗಳಲ್ಲಿ ಎಷ್ಟೋ ಸಲ ಹಾಲಿನ ಪುಡಿ ಇರುತ್ತದೆ, ಪ್ಯಾಕೆಟ್ ಹಿಂದೆ ಓದಿ. ತಾಯಿ ತಾನೂ ಹಾಲು ಬಿಡಬೇಕಾ ಅನ್ನೋದು ಡಾಕ್ಟರ್ ಹೇಳಬೇಕಾದ ಮಾತು, ಸುಮ್ನೆ ಬಿಡಬೇಡಿ.

ಹತ್ತಾರು ಪದಾರ್ಥಗಳಿಗೆ ಒಟ್ಟಿಗೇ ರಕ್ತ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದದ್ದನ್ನೆಲ್ಲ ಬಿಡಿಸುವವರಿದ್ದಾರೆ. ರಿಪೋರ್ಟಲ್ಲಿ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ. ಕೂಸು ಆರಾಮಾಗಿ ತಿನ್ನುತ್ತಿರುವ ಗೋಧಿಯನ್ನು ಕಾಗದ ನೋಡಿ ಕಿತ್ತುಕೊಂಡರೆ ತೂಕ ಇಳಿಯುತ್ತದೆ ಅಷ್ಟೇ.

ನಿಜವಾದ ಕಷ್ಟ ಬರೋದು ಬೇರೆಯವರ ಕೈಯಿಂದ. ಪಂಚಮಿಗೆ ಬಂದವರು ಪ್ರೀತಿಯಿಂದಲೇ ಉಂಡಿ ಮುರಿದು ಬಾಯಿಗಿಡುತ್ತಾರೆ. "ಡಾಕ್ಟರ್ ಬ್ಯಾಡ ಅಂದಾರ್ರೀ ಅತ್ತಿ" ಅಂದುಬಿಡಿ, ಡಾಕ್ಟರ್ ಹೆಸರಿಗೆ ಇರುವ ತೂಕ ನಮ್ಮ ಮಾತಿಗಿಲ್ಲ. ಅಂಗನವಾಡಿ ಕಾರ್ಯಕರ್ತೆಗೂ ಸಹಾಯಕಿಗೂ ಇಬ್ಬರಿಗೂ ಹೇಳಿ, ಚೀಟಿ ಬರೆದುಕೊಡಿ.

ಬಾಯಿ ಸುತ್ತ ನಾಲ್ಕು ದದ್ದು ಎದ್ದರೆ ಆ ತಿನಿಸು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನಾಲಿಗೆ ಊದಿಕೊಂಡರೆ, ಉಸಿರಿಗೆ ಸುಂಯ್ ಸದ್ದು ಬಂದರೆ, ಮೇಲಿಂದ ಮೇಲೆ ವಾಂತಿಯಾದರೆ, ಕೂಸು ಸೊರಗಿ ಜೋತುಬಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯವರು ಕಿಮ್ಸ್ ಆಸ್ಪತ್ರೆಗೆ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದವರು ಜಿಮ್ಸ್ ಆಸ್ಪತ್ರೆಗೆ, ಯಾವುದು ಹತ್ತಿರವೋ ಅಲ್ಲಿಗೆ. ಆಗ ಬೇಕಾಗೋದು ಅಡ್ರಿನಾಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಸಿರಪ್ ಸಾಲದು.

ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಿಗೆ ಬೆಳೀತಾ ಬೆಳೀತಾ ಹೋಗುತ್ತದೆ. ಹೋಗಿದೆಯಾ ಅಂತ ಮನೆಯಲ್ಲಿ ನೀವೇ ಪರೀಕ್ಷೆ ಮಾಡಬೇಡಿ, ವರ್ಷಕ್ಕೊಮ್ಮೆ ಡಾಕ್ಟರನ್ನು ಕೇಳಿ.