ಎಣ್ಣೆ ಪಾರ್ಟಿಯ ಮೊದಲ ಇಪ್ಪತ್ತು ನಿಮಿಷ

2024, 2025. ಎರಡು ಬೇಸಿಗೆ ಒಂದು ಹನಿ ಮುಟ್ಟಲಿಲ್ಲ. ಪಾರ್ಟಿ ಒಂದನ್ನೂ ತಪ್ಪಿಸಲಿಲ್ಲ. "ಯುಗಾದಿ ಹೊಸತೊಡಕು ದಾಟಲಿ, ಆಮೇಲೆ ನೋಡೋಣ ಬಿಡಪ್ಪ" ಎಂದು ನಕ್ಕವರಲ್ಲೇ ಇಬ್ಬರು ಈಗ ನನ್ನನ್ನು ಮೂಲೆಗೆ ಕರೆದು "ಹೆಂಗ್ ಮಾಡ್ದೆ ಅಣ್ಣ" ಎಂದು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ಬಿಡಬೇಕು ಎಂದು ಆಗಲೇ ತೀರ್ಮಾನ ಮಾಡಿದವರಿಗೆ. ಬೆಳಗ್ಗೆ ಎದ್ದರೆ ಕೈ ನಡುಗುವಷ್ಟು ಆಗಿದ್ದರೆ ನನ್ನ ದಾರಿ ಬೇಡ, ಸೀದಾ ಡಾಕ್ಟರ್ ಹತ್ತಿರ ಹೋಗಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ.

ನನ್ನದು ಮಂಡ್ಯ ಕಡೆ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಕೆಲಸ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವುದು. ಬೇಸಿಗೆ ಅಂದರೆ ನಮಗೆ ಸುಗ್ಗಿ. ನೀರು ಕೆಳಗಿಳಿಯುತ್ತದೆ, ವೋಲ್ಟೇಜ್ ಇರಲ್ಲ, ಮೋಟಾರ್ ಸುಡುತ್ತದೆ. ಎತ್ತಿ, ಕಟ್ಟಿ, ಮತ್ತೆ ಇಳಿಸಿ, ನೀರು ಬಂದರೆ ರೈತ ಖುಷಿಗೆ ಒಂದು ಬಾಟ್ಲಿ ತರಿಸುತ್ತಾನೆ. ಬರದಿದ್ದರೆ ದುಃಖಕ್ಕೆ ತರಿಸುತ್ತಾನೆ. ಅದರ ಮೇಲೆ ಹೊಸತೊಡಕು, ಊರಹಬ್ಬ, ಬೀಗರೂಟ, ಐಪಿಎಲ್.

ಬೇಸಿಗೆಯ ನಿಜವಾದ ಕಷ್ಟ ನೆಪ ಇಲ್ಲದಿರುವುದು. ಶ್ರಾವಣದಲ್ಲಿ "ಈ ತಿಂಗಳು ಮುಟ್ಟಲ್ಲ" ಅಂದರೆ ಸಾಕು, ಯಾರೂ ಕೇಳಲ್ಲ. ಚಳಿಗಾಲಕ್ಕೆ ಅಯ್ಯಪ್ಪನ ಮಾಲೆ ಇದೆ. ಮಾಲೆ ಹಾಕಿದವನಿಗೆ ಕುಡುಕರೇ "ಬನ್ನಿ ಸ್ವಾಮಿ" ಎಂದು ಜಾಗ ಬಿಡುತ್ತಾರೆ. ಏಪ್ರಿಲ್‌ನಲ್ಲಿ ಯಾವ ದೇವರೂ ಕೈ ಹಿಡಿಯಲ್ಲ. ಜೊತೆಗೆ "ಬೀರು ಎಣ್ಣೆ ಅಲ್ಲ ಕಣೋ, ತಂಪಿಗೆ" ಅನ್ನುವ ಮಾತು ಬೇರೆ.

2022ರಲ್ಲಿ "ಮಾತ್ರೆ ತಗೋತಿದ್ದೀನಿ, ಕುಡಿಯಂಗಿಲ್ಲ" ಎಂದು ಸುಳ್ಳು ಹೇಳಿದೆ. ಕೂತವರಲ್ಲಿ ಒಬ್ಬನದು ಮೆಡಿಕಲ್ ಸ್ಟೋರ್. "ಯಾವ ಮಾತ್ರೆ, ಹೆಸರು ಹೇಳು" ಅಂದ. ಬಾಯಿಗೆ ಬಂದಿದ್ದು ಗ್ಯಾಸ್ಟ್ರಿಕ್ ಮಾತ್ರೆಯ ಹೆಸರು. ಇಡೀ ಬೇಸಿಗೆ ನನಗೆ "ಗ್ಯಾಸು" ಎಂದೇ ಹೆಸರು. ಆಮೇಲೆ ಲೇಟಾಗಿ ಹೋಗಿ ನೋಡಿದೆ. ಇದು ಇನ್ನೂ ದಡ್ಡತನ. ಲೇಟಾಗಿ ಬಂದವನಿಗೆ ಎರಡು ಗ್ಲಾಸು ಮೊದಲೇ ಸುರಿದು ಇಟ್ಟಿರುತ್ತಾರೆ.

2023ರಲ್ಲಿ ನಿಜ ಹೇಳಿದೆ. ಬಿಟ್ಟಿದ್ದೀನಿ, ಲಿವರ್, ಮಕ್ಕಳ ಫೀಸು, ಎಲ್ಲಾ ಹೇಳಿದೆ. ಐದು ನಿಮಿಷ ಮಾತಾಡಿರಬೇಕು. ಯಾರೂ ಬೈಯಲಿಲ್ಲ, ಆದರೆ ಕರೆಯುವುದನ್ನೇ ನಿಲ್ಲಿಸಿದರು. ಬೋರ್ ಕೊರೆಸುವ ಏಜೆಂಟ್ ಒಬ್ಬ ಇದ್ದ, ಅವನ ಕಡೆಯಿಂದ ತಿಂಗಳಿಗೆ ಎರಡು ಮೂರು ಮೋಟಾರ್ ಬರುತ್ತಿತ್ತು. ಅದೂ ನಿಂತಿತು. ಹತ್ತು ಹನ್ನೆರಡು ಸಾವಿರ ಹೋಯಿತು ಎಂದಿಟ್ಟುಕೊಳ್ಳಿ. ಅದೇ ಮೇ ತಿಂಗಳಲ್ಲಿ ಒಂದು ಬೀಗರೂಟ. "ಒಂದೇ ಒಂದು ಬೀರು ಭಾವ, ತಂಪಿಗೆ" ಅಂದ ಬಾಮೈದ. ಮನೆಗೆ ಬಂದಾಗ ಮೂರು ಗಂಟೆ. ಮಾರನೇ ದಿನ ಐದು ಎಚ್‌ಪಿ ಮೋಟಾರ್ ಒಂದಕ್ಕೆ ಕನೆಕ್ಷನ್ ತಪ್ಪು ಕೊಟ್ಟು ಸುಟ್ಟೆ. ನನ್ನ ಕೈಯಿಂದಲೇ ಮತ್ತೆ ಕಟ್ಟಿಕೊಟ್ಟೆ. ತಂತಿಗೇ ನಾಲ್ಕು ಸಾವಿರದ ಹತ್ತಿರ.

2024 ಬರದ ವರ್ಷ. ಸರ್ಕಾರ 223 ತಾಲ್ಲೂಕು ಬರಪೀಡಿತ ಎಂದು ಘೋಷಿಸಿತ್ತು. ಬೋರ್‌ಗಳು ಸಾಲಾಗಿ ಬತ್ತಿದವು. ಕೆಲಸ ಜಾಸ್ತಿ, ಬಾಟ್ಲಿಯೂ ಜಾಸ್ತಿ. ಒಂದು ತೋಟದ ಮನೆಯಲ್ಲಿ ಹೊಟ್ಟೆ ಸರಿಯಿಲ್ಲದೆ ಸುಮ್ನೆ ಕೂತಿದ್ದಾಗ ಒಂದು ಗಮನಿಸಿದೆ. ಬಲವಂತ ಮಾಡುವುದೆಲ್ಲ ಬಾಟ್ಲಿ ಮುಚ್ಚಳ ತೆಗೆದಾಗಿನಿಂದ ಎರಡನೇ ರೌಂಡ್ ಸುರಿಯುವ ತನಕ. ಆಮೇಲೆ ಯಾರ ಗ್ಲಾಸಿನಲ್ಲಿ ಏನಿದೆ ಎಂದು ಯಾರಿಗೂ ಬೇಕಿಲ್ಲ. ಮುಂದಿನ ಮೂರು ನಾಲ್ಕು ಪಾರ್ಟಿಯಲ್ಲಿ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ, ಜಾಸ್ತಿ ಅಂದರೆ ಇಪ್ಪತ್ತೈದು. ಅಷ್ಟನ್ನು ದಾಟಿಸಿದರೆ ಉಳಿದ ನಾಲ್ಕು ಗಂಟೆ ಆರಾಮ.

ಹೀಗಾಗಿ ಈಗ ನಾನೇ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಐಸ್ ಗಡ್ಡೆ, ಸೋಡಾ, ಒಂದು ಕೆಜಿ ಈರುಳ್ಳಿ, ನಿಂಬೆಹಣ್ಣು ನನ್ನ ಗಾಡಿಯಲ್ಲೇ ಬರುತ್ತವೆ. ಅವರು ಮುಚ್ಚಳ ತೆಗೆಯುವ ಹೊತ್ತಿಗೆ ನಾನು ಒಲೆ ಮುಂದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಆಗಲೇ ಅರ್ಧ ಖಾಲಿಯಾದ ಗ್ಲಾಸು. ಗ್ಲಾಸು ತುಂಬಿರಬಾರದು, ನೆನಪಿಡಿ. ತುಂಬಿದ್ದರೆ "ಎತ್ತು" ಅಂತಾರೆ, ಖಾಲಿ ಇದ್ದರೆ ಸುರೀತಾರೆ.

ಗ್ಲಾಸಿನಲ್ಲಿ ಇರುವುದು ಸೊಗದೆ ಬೇರಿನ ಶರಬತ್ತು, ಸೋಡಾ ಹಾಕಿದ್ದು. ಬಣ್ಣ ಥೇಟ್ ರಮ್ಮು. ವಾಸನೆ ಹಿಡಿದು ಪತ್ತೆ ಮಾಡುವವರು ಇರುತ್ತಾರೆ. ಅದಕ್ಕೆ ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ನಮ್ಮ ಗುಂಪಿನವರೂ ಇದನ್ನು ಓದುತ್ತಾರೆ.

ಬೇರೆ ಏನೇನೋ ನೋಡಿದ್ದೂ ಉಂಟು. ಆಲ್ಕೋಹಾಲ್ ಇಲ್ಲದ ಬೀರು ತಂದೆ. ಎರಡನೇ ಕ್ಯಾನಿಗೇ ನಿಜವಾದ ಬೀರು ಬೇಕು ಅನಿಸಿತು, ಅಲ್ಲಿಗೇ ಬಿಟ್ಟೆ. ಮಂಗಳೂರಿಂದ ತರಿಸಿದ ಪುನರ್ಪುಳಿ ಕುಡಿಯಲು ಬಹಳ ಚೆನ್ನ, ಆದರೆ ಆ ಕೆಂಪು ನೋಡಿ "ವೈನು ಕುಡಿಯೋ ಸಾಹೇಬ್ರು ಬಂದ್ರು" ಎಂದು ಶುರು ಮಾಡಿದರು. ನೀರಾ ಒಂದು ಸಲ ಬೆಳಗ್ಗೆಯೇ ತಂದು ಸುಮ್ನೆ ಬಾಟ್ಲಿಯಲ್ಲಿ ಇಟ್ಟುಕೊಂಡಿದ್ದೆ. ಆ ಬಿಸಿಲಿಗೆ ಮಧ್ಯಾಹ್ನವೇ ನೊರೆ ಬಂದು ಹುಳಿ ಹೊಡೆಯಿತು. ಎಣ್ಣೆ ಬಿಡಲು ಹೋಗಿ ಹೆಂಡ ಕೈಗೆ ಬಂದಂತಾಯಿತು. ಚೆಲ್ಲಿದೆ.

ದುಡ್ಡಿನ ವಿಷಯ. ನಾಲ್ಕು ಜನ ತಲಾ ಐನೂರು ಹಾಕಿದಾಗ ಕುಡಿಯದವನು ಕೈ ಕಟ್ಟಿ ಕೂತು ಚಿಕನ್ ಖಾಲಿ ಮಾಡಿದರೆ ಯಾರಿಗಾದರೂ ಉರಿಯುತ್ತದೆ, ಅಲ್ವಾ? ಬಲವಂತದಲ್ಲಿ ಅರ್ಧ ಪ್ರೀತಿ, ಅರ್ಧ ಈ ಉರಿ. ಮೊದಮೊದಲು ಪೂರ್ತಿ ಪಾಲು ಕೊಟ್ಟೆ. ನನ್ನ ಪಾಲಿನ ಕ್ವಾರ್ಟರ್ ತಮಗೇ ಬರುತ್ತದೆ ಎಂದು ತಿಳಿದಾಗ ಅವರ ಮುಖ ನೋಡಬೇಕಿತ್ತು. ಆದರೆ ಜೇಬು ತಡೆಯಲಿಲ್ಲ. ಈಗ ಬಾಟ್ಲಿ ಅವರದು, ನೆಂಚಿಕೊಳ್ಳುವುದು, ಐಸು, ಸೋಡಾ ನನ್ನದು. ಒಂದು ಸಲಕ್ಕೆ ಮುನ್ನೂರೈವತ್ತು, ನಾನೂರು. ಮೊದಲು ಮಾರ್ಚ್‌ನಿಂದ ಮೇ ಮುಗಿಯೋದರೊಳಗೆ ಹದಿನೆಂಟು ಇಪ್ಪತ್ತು ಸಾವಿರ ಕರಗುತ್ತಿತ್ತು. ಈಗ ಐದಾರು ಸಾವಿರ. ಬೋರ್ ಏಜೆಂಟ್ ವಾಪಸ್ ಬಂದ. ನನ್ನ ಮಟನ್ ಫ್ರೈಗೆ ಬಂದ ಅಂತಲೇ ಹೇಳಬೇಕು.

ಕೈ ಜಾರುವ ಹಾಗಿದ್ದ ದಿನ ಯಾವುದು ಗೊತ್ತಾ? 2024ರ ಏಪ್ರಿಲ್ 26, ನಮ್ಮಲ್ಲಿ ಲೋಕಸಭೆ ಮತದಾನ. 48 ಗಂಟೆ ಅಂಗಡಿ ಬಂದ್. ಬಚಾವಾದೆ ಅಂದುಕೊಂಡಿದ್ದೆ. ಆದರೆ ಎಲ್ಲರೂ ಮೊದಲೇ ತಂದು ಮನೆಯಲ್ಲಿ ಜೋಡಿಸಿಟ್ಟಿದ್ದರು. ಪ್ಲಾನ್ ಮಾಡಿದ ಪಾರ್ಟಿಯಾದರೆ ಐಸ್ ಸಮೇತ ಹೋಗಬಹುದು. ವೋಟು ಹಾಕಿ ಬರುವಾಗ ಕೈ ಹಿಡಿದು ಒಳಗೆ ಎಳೆದುಕೊಂಡರೆ ಏನು ಮಾಡುವುದು? ಸೀದಾ ಅವರ ಅಡುಗೆಮನೆಗೆ ನುಗ್ಗಿ "ಅಕ್ಕ, ಈರುಳ್ಳಿ ಎಲ್ಲಿ" ಅಂದೆ. ಆವತ್ತಿನಿಂದ ಯಾರ ಮನೆಯಾದರೂ ಅದನ್ನೇ ಕೇಳುವುದು.

ಕೊನೆಯ ಪರೀಕ್ಷೆ 2025ರ ಜೂನ್ 3. ಹದಿನೆಂಟನೇ ಸೀಸನ್ನಿಗೆ ಆರ್‌ಸಿಬಿ ಕಪ್ ಗೆದ್ದ ರಾತ್ರಿ. ಪಂಜಾಬ್ ಮೇಲೆ ಆರು ರನ್ನು. ಆವತ್ತು ಇಪ್ಪತ್ತು ನಿಮಿಷದ ಲೆಕ್ಕವೆಲ್ಲ ಕೆಟ್ಟಿತು. ಪ್ರತಿ ಓವರಿಗೂ ಹೊಸ ಬಾಟ್ಲಿ, ಪ್ರತಿ ಬಾಟ್ಲಿಗೂ "ಇವತ್ತಾದ್ರೂ ಕುಡಿಯೋ". ಒಲೆ ಬಿಟ್ಟು ಅಲುಗಲಿಲ್ಲ. ಕೊನೆಯ ಬಾಲ್ ಆದ ಮೇಲೆ ಒಬ್ಬ ಬೀರು ಅಲ್ಲಾಡಿಸಿ ನನ್ನ ಮೈಮೇಲೆಲ್ಲ ಚಿಮ್ಮಿಸಿದ.

ಮನೆಗೆ ಹೋದಾಗ ಒಂದೂವರೆ. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಶರ್ಟು ಮೂಸಿದಳು. ಅವಳ ಮುಖ ಕೆಂಪಾಯಿತು. "ಬಾಯಿ ಮೂಸು" ಅಂದೆ. ಮೂಸಿದಳು.

"ಈರುಳ್ಳಿ" ಅಂದಳು.