ಹೊಲಿಗೆಯ ಗುರುತಿಲ್ಲದ ಹೊಟ್ಟೆ

ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗುತ್ತ, ಗಾಳಿ ಮತ್ತು ಸಂಡಾಸ ಎರಡೂ ನಿಂತುಹೋದ ರೋಗಿಯನ್ನು ಕಲಬುರಗಿಯ ನಮ್ಮ ಆಸ್ಪತ್ರೆಗೆ ಕರೆತಂದಾಗ, ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತು ಇದೆಯೇ ಎಂದು ನಾನು ಮೊದಲು ನೋಡುತ್ತೇನೆ. ಸಣ್ಣ ಕರುಳು ಕಟ್ಟಿಕೊಂಡಿದೆ ಎಂಬುದು ರೋಗಿಯ ಮಾತಿನಿಂದ ಮತ್ತು ನಿಲ್ಲಿಸಿ ತೆಗೆದ ಎಕ್ಸ್‌ರೇಯಿಂದ ಬಹುಮಟ್ಟಿಗೆ ತಿಳಿಯುತ್ತದೆ. ಕರುಳಿನ ಸುತ್ತುಗಳು 3 ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗಿರುತ್ತವೆ, ಅವುಗಳೊಳಗಿನ ನೀರು ಮತ್ತು ಗಾಳಿಯ ಮಟ್ಟಗಳು ಮೆಟ್ಟಿಲುಗಳಂತೆ ಕಾಣುತ್ತವೆ. ಏಕೆ ಕಟ್ಟಿತು, ಎಷ್ಟು ಹೊತ್ತು ಕಾಯಬಹುದು ಎಂಬ ಪ್ರಶ್ನೆಗಳಿಗೆ ಮಾತ್ರ ಆ ಗುರುತೇ ಅರ್ಧ ಉತ್ತರ ಕೊಡುತ್ತದೆ.

ಗುರುತು ಇದ್ದರೆ, ಹಿಂದಿನ ಆಪರೇಷನ್ನಿನ ನಂತರ ಒಳಗೆ ಬೆಳೆದ ಅಂಟುಗಳೇ ಬಹುತೇಕ ಕಾರಣ. ನಮ್ಮ ಕಡೆ ಇನ್ನೂ ಮೂವತ್ತೈದು ದಾಟದ ಹೆಣ್ಣುಮಕ್ಕಳ ಹೊಟ್ಟೆಯ ಮೇಲೂ ಗರ್ಭಕೋಶ ತೆಗೆಸಿದ ಗುರುತನ್ನು ಕಾಣುತ್ತೇನೆ, ಮತ್ತು ಅದನ್ನು ಕಂಡಾಗಲೆಲ್ಲ ಇದು ಬೇಕಿತ್ತೇ ಎಂದು ಮನಸ್ಸು ನೋಯುತ್ತದೆ. ಇಂಥವರಲ್ಲಿ ಜ್ವರವಿಲ್ಲದೆ, ನಾಡಿ 100ರ ಒಳಗಿದ್ದು, ಹೊಟ್ಟೆ ಮೆತ್ತಗಿದ್ದು, ನೋವು ಬಂದು ಬಂದು ಹೋಗುತ್ತಿದ್ದರೆ ನಾನು ಕಾಯುತ್ತೇನೆ. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಖಾಲಿ ಮಾಡುವುದು, ಸಲೈನ್ ಮತ್ತು ಪೊಟ್ಯಾಷಿಯಂ ಕೊಡುವುದು, ಬಳಿಕ ಅದೇ ನಳಿಗೆಯ ಮೂಲಕ ನೀರಿನಲ್ಲಿ ಕರಗುವ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಕಾಂಟ್ರಾಸ್ಟ್ ಔಷಧ ಸುಮಾರು 100 ಮಿಲಿಲೀಟರ್ ಬಿಡುವುದು ನನ್ನ ಕ್ರಮ. 24 ಗಂಟೆಯೊಳಗೆ ಅದು ದೊಡ್ಡ ಕರುಳಿಗೆ ತಲುಪಿದ್ದು ಎಕ್ಸ್‌ರೇಯಲ್ಲಿ ಕಂಡರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಆದರೆ ಈ ಔಷಧವು ಮೈಯ ನೀರನ್ನು ಕರುಳಿನೊಳಗೆ ಎಳೆದುಕೊಳ್ಳುವುದರಿಂದ, ರೋಗಿಗೆ ಸಾಕಷ್ಟು ಸಲೈನ್ ಹೋಗುವ ಮುನ್ನ ಅದನ್ನು ಕೊಡಬಾರದು. ಮೂರು ದಿನಕ್ಕಿಂತ ಹೆಚ್ಚು ನಾನು ಕಾಯುವುದಿಲ್ಲ, ಮತ್ತು ಆ ಅವಧಿಯಲ್ಲಿ ಪ್ರತಿ ನಾಲ್ಕು ಗಂಟೆಗೊಮ್ಮೆ ಅದೇ ವೈದ್ಯರ ಕೈ ಹೊಟ್ಟೆಯನ್ನು ಮುಟ್ಟಿ ನೋಡಬೇಕೆಂದು ಹಟ ಹಿಡಿಯುತ್ತೇನೆ.

ಗುರುತಿಲ್ಲದ ಹೊಟ್ಟೆಯ ವಿಷಯ ಬೇರೆ. ವೃತ್ತಿಯ ಆರಂಭದ ದಿನಗಳಲ್ಲಿ ಹೀಗೇ ಬಂದ ಒಬ್ಬ ವೃದ್ಧೆಯ ಹೊಟ್ಟೆಯನ್ನು ನಾನು ಹೊಕ್ಕುಳದ ಕೆಳಗಿನವರೆಗೆ ಮಾತ್ರ ನೋಡಿ, ಸೀರೆಯ ಗಂಟು ಸಡಿಲಿಸದೆ, ಬೆಳಗಿನವರೆಗೆ ಕಾದೆ. ಹೊಟ್ಟೆ ತೆರೆದಾಗ ಕರುಳು ತೊಡೆಸಂದಿಯ ರಂಧ್ರದಲ್ಲಿ ಸಿಕ್ಕಿ ಕೊಳೆತಿತ್ತು. ಐದನೆಯ ದಿನ ಆಕೆ ತೀರಿಕೊಂಡರು. ಅಂದಿನಿಂದ ನರ್ಸನ್ನು ಜೊತೆಗಿಟ್ಟುಕೊಂಡು, ಎರಡೂ ತೊಡೆಸಂದಿಗಳನ್ನು ಬೆಳಕಿನಲ್ಲಿ ನೋಡದೆ ನಾನು ಯಾವ ಕೇಸ್ ಶೀಟಿಗೂ ಸಹಿ ಹಾಕಿಲ್ಲ.

ಒಂದು ಮೇ ತಿಂಗಳಲ್ಲಿ ಸೇಡಂ ಕಡೆಯ ಹಳ್ಳಿಯಿಂದ ಬಂದ ಆಯಿಗೆ ಮೂರು ದಿನ ಗ್ಯಾಸಿನ ಇಂಜೆಕ್ಷನ್ನುಗಳೇ ಆಗಿದ್ದವು. ನಾಲಿಗೆ ಒಣಗಿ ಮರದಂತಾಗಿತ್ತು. "ಏನ್ ಕುಡಿಸಿದ್ರೂ ಹೊರಗೇ ಬರ್ಲತ್ತದ್ರಿ ಸಾಹೇಬರ" ಎಂದ ಮಗ. ಹೊಟ್ಟೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಸೀರೆ ಸರಿಸಿದಾಗ ಬಲ ತೊಡೆಸಂದಿಯ ಮಡಿಕೆಯ ಕೆಳಗೆ, ನಿಂಬೆಕಾಯಿಗಿಂತ ತುಸು ಚಿಕ್ಕದಾದ, ಬಿಗಿಯಾದ ಗಡ್ಡೆ ಸಿಕ್ಕಿತು. ಕೆಮ್ಮಿಸಿದರೆ ಅದು ಉಬ್ಬಲಿಲ್ಲ, ಮುಟ್ಟಿದರೆ ಮುಖ ಕಿವುಚಿದರು.

"ಆಯಿ, ಇದು ಯಾವಾಗಿಂದ ಅದ?"

"ಅದು ಮೊದ್ಲಿಂದ ಅದಪ್ಪ, ಒಮ್ಮೊಮ್ಮಿ ಬರ್ತದ, ಒಮ್ಮೊಮ್ಮಿ ಹೋಗ್ತದ. ಯಾರಿಗಿ ತೋರಸ್ಲಿ, ನಾಚಿಕಿ ಬರ್ತದ."

ಇದು ಫೆಮೊರಲ್ ಹರ್ನಿಯಾ, ಅಂದರೆ ತೊಡೆಸಂದಿಯ ರಂಧ್ರದಿಂದ ಕರುಳು ಹೊರಚಾಚುವುದು; ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದರ ಕೊರಳು ಕಿರಿದು, ಸುತ್ತಲಿನ ಅಂಚು ಬಿಗಿ. ಹೀಗಾಗಿ ಅದರೊಳಗೆ ಸಿಕ್ಕ ಕರುಳಿಗೆ ರಕ್ತ ಬೇಗ ನಿಲ್ಲುತ್ತದೆ. ಇಂಥ ಗಡ್ಡೆಯನ್ನು ಒತ್ತಿ ಒಳಗೆ ತಳ್ಳಲು ಹೋಗಬಾರದು, ಸತ್ತ ಕರುಳು ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ನಳಿಗೆಯಿಂದ ಒಂದೂವರೆ ಲೀಟರಿನಷ್ಟು ಕಂದು ಬಣ್ಣದ ನೀರು ಬಂತು. ಎರಡು ಗಂಟೆ ಸಲೈನ್ ಓಡಿಸಿ, ಮೂತ್ರ ಗಂಟೆಗೆ ತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಲೀಟರ್ ದಾಟಿದ ಮೇಲೆ ಥಿಯೇಟರಿಗೆ ಒಯ್ದೆವು.

ಕರುಳನ್ನು ಕತ್ತರಿಸಬೇಕಾದೀತು ಎಂದು ಗಡ್ಡೆಗಿಂತ ಮೇಲಿನಿಂದ ಒಳಹೊಕ್ಕೆ. ಚೀಲ ತೆರೆದಾಗ ಕೆಂಪು ಕಲೆಸಿದ ನೀರು, ಅದರಲ್ಲಿ ನೇರಳೆ ಹಣ್ಣಿನ ಬಣ್ಣದ ಕರುಳಿನ ಒಂದು ಕುಣಿಕೆ. ಅದು ಜಾರಿ ಒಳಗೆ ಹೋಗದಂತೆ ಸಹಾಯಕರ ಬೆರಳಿಗೆ ಒಪ್ಪಿಸಿ, ಕೊರಳಿನ ಒಳ ಅಂಚನ್ನು ಕಣ್ಣಾರೆ ನೋಡುತ್ತ ಸ್ವಲ್ಪ ಸ್ವಲ್ಪವೇ ಬಿಡಿಸಿದೆ, ಏಕೆಂದರೆ ಆ ಅಂಚಿನ ಹಿಂದೆ ಕೆಲವರಲ್ಲಿ ರಕ್ತನಾಳವೊಂದು ಹಾದುಹೋಗಿರುತ್ತದೆ. ಬಳಿಕ ಬೆಚ್ಚನೆಯ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಅರಿವಳಿಕೆ ತಜ್ಞರಿಗೆ ಪೂರ್ಣ ಆಮ್ಲಜನಕ ಕೊಡಲು ಹೇಳಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಸುಮ್ಮನೆ ನಿಂತೆವು. ಈ ಹತ್ತು ನಿಮಿಷ ಬಹಳ ದೀರ್ಘ. ಬಟ್ಟೆ ತೆಗೆದಾಗ ಕುಣಿಕೆಯ ಎರಡೂ ತುದಿಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಚಿವುಟಿದರೆ ಅಲೆಯಾಡುತ್ತಿದ್ದವು. ನಡುವಿನ ಸುಮಾರು 8 ಸೆಂಟಿಮೀಟರಿಗೆ ಹೊಳಪೂ ಇರಲಿಲ್ಲ, ಅದರ ಪೊರೆಯಲ್ಲಿ ನಾಡಿಯೂ ಇರಲಿಲ್ಲ. ಅಷ್ಟನ್ನು ತೆಗೆದು ತುದಿಗಳನ್ನು ಜೋಡಿಸಿದೆ. ಕೊಳೆ ತಗುಲಿದ ಜಾಗವಾದ್ದರಿಂದ ಜಾಲರಿ ಇಡದೆ ಹೊಲಿಗೆಯಿಂದಲೇ ರಂಧ್ರ ಮುಚ್ಚಿದೆ. ನಾಲ್ಕನೆಯ ದಿನ ಗಾಳಿ ಸರಿಯಿತು, ಎಂಟನೆಯ ದಿನ ಆಯಿ ನಡೆದೇ ಮನೆಗೆ ಹೋದರು.

ಗುರುತೂ ಇಲ್ಲ, ಹರ್ನಿಯಾವೂ ಇಲ್ಲ ಎಂದಾಗ ನನ್ನ ಮನಸ್ಸು ಕರುಳಿನ ಕ್ಷಯದ ಕಡೆ ಹೋಗುತ್ತದೆ; ವಯಸ್ಸಾದವರಲ್ಲಿ ಗಂಟು ಅಥವಾ ಕ್ಯಾನ್ಸರನ್ನೂ ನೆನೆಯಬೇಕು, ಸಿ.ಟಿ. ಸ್ಕ್ಯಾನ್ ಇಲ್ಲಿ ಬಹಳ ನೆರವಾಗುತ್ತದೆ. ಶಹಾಬಾದ್ ಕಡೆಯ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಯುವಕನೊಬ್ಬ ತಿಂಗಳುಗಟ್ಟಲೆ "ಉಂಡ ಮ್ಯಾಲ ಹೊಟ್ಟ್ಯಾಗ ಗೋಳಾ ಆಗಿ ಓಡಾಡ್ತದ್ರಿ" ಎನ್ನುತ್ತಿದ್ದನಂತೆ, ತೂಕವೂ ಇಳಿದಿತ್ತು. ಹೊಟ್ಟೆ ತೆರೆದು ಮೊದಲು ದೊಡ್ಡ ಕರುಳಿನ ಆರಂಭವನ್ನು ಹುಡುಕಿದೆ. ಅದು ಕುಗ್ಗಿತ್ತು ಎಂದರೆ ತಡೆ ಅದಕ್ಕಿಂತ ಹಿಂದೆ, ಸಣ್ಣ ಕರುಳಿನಲ್ಲಿದೆ ಎಂದರ್ಥ. ಕುಗ್ಗಿದ ಕರುಳನ್ನೇ ಹಿಡಿದು ಹಿಂದಕ್ಕೆ ಸಾಗಿದರೆ ಕಟ್ಟಿದ ಜಾಗ ತಾನೇ ಕೈಗೆ ಬರುತ್ತದೆ. ಉಬ್ಬಿದ ಕಡೆಯಿಂದ ಹುಡುಕಲು ಹೋದರೆ ತೆಳುವಾದ ಕರುಳು ಹರಿಯುವ ಭಯವಿರುತ್ತದೆ. ಅವನಲ್ಲಿ ದೂರ ದೂರಕ್ಕೆ ಎರಡು ಕಡೆ ಕರುಳು ಉಂಗುರದಂತೆ ಬಿಗಿದಿತ್ತು, ಮೇಲ್ಮೈಯಲ್ಲಿ ಗಸಗಸೆ ಚೆಲ್ಲಿದಂತೆ ಬಿಳಿ ಕಾಳುಗಳು. ಕರುಳನ್ನು ತೆಗೆಯದೆ, ಬಿಗಿದ ಜಾಗಗಳನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲ ಮಾಡಿದೆ, ಗಂಟೊಂದನ್ನು ಪರೀಕ್ಷೆಗೆ ಕಳಿಸಿದೆ. ವರದಿ ಕ್ಷಯವೆಂದೇ ಬಂತು.

ಬಿಡುಗಡೆಯ ದಿನ 6 ತಿಂಗಳ ಕ್ಷಯದ ಮಾತ್ರೆಗಳ ಬಗ್ಗೆ, ನಡುವೆ ಬಿಡಬಾರದೆಂಬುದರ ಬಗ್ಗೆ ಎರಡು ಸಲ ಹೇಳಿ ಮುಗಿಸಿದಾಗ ಅವನ ಹೆಂಡತಿ ಕೇಳಿದಳು: "ರೊಟ್ಟಿ ಯಾವಾಗ ಕೊಡ್ಬೇಕ್ರಿ?" ಎರಡು ವಾರ ಗಂಜಿ ಮತ್ತು ಮೆತ್ತಗಿನ ಅನ್ನ, ಆಮೇಲೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ಎಂದೆ. ಐದು ತಿಂಗಳಿಂದ ರೊಟ್ಟಿ ಮುಟ್ಟಿಲ್ಲವೆಂದು ಅವನು ಆಗ ಹೇಳಿದ.