ಒತ್ತಕ್ಷರಕ್ಕೆ ಒಪ್ಪುವ ಮಾನಿಟರ್: ನನ್ನ ಅನುಭವ

ಮಾನಿಟರ್ ಕೊಳ್ಳಲು ಹೊರಟವರನ್ನು ಎಲ್ಲರೂ ಮೊದಲು ಕೇಳುವುದು ಎಷ್ಟು ಇಂಚಿನದು ಅಂತ. ಮೈಸೂರಿನ ಮನೆಯಲ್ಲಿ ಕೂತು ಕನ್ನಡ ಪುಸ್ತಕಗಳ ಡಿಟಿಪಿ ಕೆಲಸ ಮಾಡುವ ನನಗೆ ಇಂಚಿಗಿಂತ ಮುಖ್ಯವಾದದ್ದು ಬೇರೊಂದಿದೆ. ‘ಶುದ್ಧ’ ಎಂಬ ಪದದಲ್ಲಿ ಕೆಳಗಿರುವ ಒತ್ತು ಧಕಾರದ್ದೋ ದಕಾರದ್ದೋ ಎಂಬುದು ಪುಟವನ್ನು ಹಿಗ್ಗಿಸದೆಯೇ ಗೊತ್ತಾಗಬೇಕು. ಆ ಒತ್ತಿನ ತಳದಲ್ಲಿರುವ ಸೀಳು ಕೂದಲೆಳೆಯಷ್ಟು ಸಣ್ಣದು. ಪರದೆಯಲ್ಲಿ ಅದು ಮುಚ್ಚಿಹೋದರೆ ಕರಡು ತಿದ್ದುವಾಗ ಕಣ್ಣಿಗೆ ಬೀಳುವುದಿಲ್ಲ, ತಪ್ಪು ಹಾಗೆಯೇ ಅಚ್ಚಿಗೆ ಹೋಗುತ್ತದೆ.

ಇಂಗ್ಲಿಷ್ ಓದುವವರಿಗಾಗಿ ಬರೆದ ಸಲಹೆಗಳು ನಮಗೆ ಪೂರ್ತಿ ಹೊಂದದಿರುವುದು ಇದಕ್ಕೇ. ನಮ್ಮ ಸಾಲಿನಲ್ಲಿ ಅಕ್ಷರದ ಮೇಲೆ ಗುಣಿತ, ಕೆಳಗೆ ಒತ್ತು. ‘ರಾಷ್ಟ್ರ’, ‘ಸ್ತ್ರೀ’ ಬಂದರೆ ಎರಡೆರಡು ಒತ್ತು. ಅಷ್ಟೂ ಒಂದೇ ಸಾಲಿನ ಎತ್ತರದಲ್ಲಿ ಹಿಡಿಸಬೇಕು.

ಹಾಗಾಗಿ ನಾನು ಮೊದಲು ಮಾಡಿದ್ದು ಲೆಕ್ಕ. ಪರದೆಯ ಅಡ್ಡ ಮತ್ತು ಉದ್ದದ ಪಿಕ್ಸೆಲ್‌ಗಳನ್ನು, ಅಂದರೆ ಚುಕ್ಕಿಗಳನ್ನು, ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದು, ಮೂಲೆಯಿಂದ ಮೂಲೆಗಿರುವ ಇಂಚಿನಿಂದ ಭಾಗಿಸಿದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬುದು ಸಿಗುತ್ತದೆ. 1920×1080ರ ಫುಲ್ ಎಚ್‌ಡಿ ಪರದೆ 24 ಇಂಚಿನದಾದರೆ 92 ಚುಕ್ಕಿ, 27 ಇಂಚಿನದಾದರೆ 82, 32ಕ್ಕೆ ಹೋದರೆ ಬರೀ 69. ಅಂದರೆ ಅದೇ ಚುಕ್ಕಿಗಳನ್ನು ದೊಡ್ಡ ಗಾಜಿನ ಮೇಲೆ ಹರಡಿ ಕೊಡುತ್ತಾರೆ, ಅಷ್ಟೆ. 2560×1440ರ 27 ಇಂಚಿನಲ್ಲಿ 109, 4ಕೆ ಎನ್ನುವ 3840×2160ರ 27 ಇಂಚಿನಲ್ಲಿ 163. ಪುಸ್ತಕದ ಒಡಲಿಗೆ ನಾನು ಬಳಸುವ 11 ಪಾಯಿಂಟ್ ಅಕ್ಷರ, ಪುಟವನ್ನು ನಿಜ ಗಾತ್ರದಲ್ಲಿಟ್ಟರೆ, 82ರ ಪರದೆಯಲ್ಲಿ ಹನ್ನೆರಡೂವರೆ ಚುಕ್ಕಿಯಷ್ಟು ಎತ್ತರ ಪಡೆಯುತ್ತದೆ, 109ರಲ್ಲಿ ಹದಿನಾರೂವರೆ. ಒತ್ತಿಗೆ ಸಿಗುವುದು ಅದರಲ್ಲೊಂದು ಪಾಲು. ಸೀಳು ಉಳಿಯುವುದೋ ಅಳಿಯುವುದೋ ಈ ನಾಲ್ಕು ಚುಕ್ಕಿಗಳ ಮೇಲೆ ನಿಂತಿದೆ.

ಹಾಗಾದರೆ 4ಕೆ ತಗೊಂಡರೆ ಮುಗಿಯಿತಲ್ಲ ಎನ್ನಬಹುದು. ನನ್ನ ಮಟ್ಟಿಗೆ ಅಲ್ಲೇ ತೊಡಕಿತ್ತು. ನಮ್ಮ ಕಡೆಯ ಎಷ್ಟೋ ಪ್ರಕಾಶಕರ ಹಳೆಯ ಪುಸ್ತಕಗಳು ಇಂದಿಗೂ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಲ್ಲೇ ಇವೆ, ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತವನ್ನು ಬಳಸದ ಹಳೆಯ ನುಡಿ ಫಾಂಟಿನಲ್ಲಿ. ಮರುಮುದ್ರಣಕ್ಕೆ ಬಂದಾಗ ಅದನ್ನೇ ತೆರೆಯಬೇಕು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಇಷ್ಟು ದಟ್ಟ ಚುಕ್ಕಿಗಳ ಪರದೆ ಆಗ ಯಾರ ಮನೆಯಲ್ಲೂ ಇರಲಿಲ್ಲ. 27 ಇಂಚಿನ 4ಕೆಯಲ್ಲಿ ಮೆನು ಓದಲು ವಿಂಡೋಸ್‌ನ ಸ್ಕೇಲಿಂಗ್ ಅನ್ನು, ಅಂದರೆ ಪರದೆಯ ಮೇಲಿನದ್ದನ್ನೆಲ್ಲ ಹಿಗ್ಗಿಸಿ ತೋರಿಸುವ ಹೊಂದಿಕೆಯನ್ನು, ಶೇ 150ಕ್ಕೆ ಏರಿಸಲೇಬೇಕು. ಏರಿಸಿದರೆ ಇಂಥ ಹಳೆಯ ತಂತ್ರಾಂಶದ ಕಿಟಕಿಯನ್ನು ವಿಂಡೋಸ್ ಚಿತ್ರದಂತೆ ಎಳೆದು ದೊಡ್ಡದು ಮಾಡಿ ತೋರಿಸುತ್ತದೆ. ಅಕ್ಷರದ ಅಂಚು ಮಸುಕಾಗುತ್ತದೆ. ಕೊಟ್ಟ ದುಡ್ಡಿಗೆ ಬಂದ ಚುಕ್ಕಿಗಳು ಬೇಕಾದ ಕಡೆಗೇ ಕೆಲಸಕ್ಕೆ ಬರುವುದಿಲ್ಲ. ಸ್ಕೇಲಿಂಗ್ 100ರಲ್ಲೇ ಇಟ್ಟುಕೊಂಡು ಕಣ್ಣಿಗೆ ಶ್ರಮವಿಲ್ಲದೆ ಓದಲು ಬರುವ ಅತಿ ದಟ್ಟ ಪರದೆ ಎಂದರೆ 27 ಇಂಚಿನ 1440. ನನ್ನ ಆಯ್ಕೆ ಅಲ್ಲಿಗೆ ಬಂದು ನಿಂತಿತು.

ಅಗಲದ ಪ್ರಶ್ನೆ ಉಳಿದಿತ್ತು. 34 ಇಂಚಿನ ಅಲ್ಟ್ರಾವೈಡ್, ಅಂದರೆ ಅಡ್ಡಕ್ಕೆ ಹೆಚ್ಚು ಉದ್ದವಿರುವ ಪರದೆ, ನನಗೂ ಆಸೆ ಹುಟ್ಟಿಸಿತ್ತು. ಆದರೆ ಅಳೆದು ನೋಡಿದರೆ ಅದರ ಎತ್ತರ 33 ಸೆಂ.ಮೀ. ಚಿಲ್ಲರೆ, 27 ಇಂಚಿನದಕ್ಕೂ ಅಷ್ಟೇ. ಹೆಚ್ಚುವುದು ಅಗಲ ಮಾತ್ರ: 60ರಿಂದ 80 ಸೆಂ.ಮೀ.ಗೆ. ಡೆಮಿ 1/8 ಪುಸ್ತಕದ ಎರಡು ಎದುರುಬದುರು ಪುಟಗಳಿಗೆ ನಿಜ ಗಾತ್ರದಲ್ಲಿ ಸುಮಾರು 28 ಸೆಂ.ಮೀ. ಸಾಕು. 60ರಲ್ಲಿ ಅದು ಹೋಗಿ ಪಕ್ಕದಲ್ಲಿ ಲೇಖಕರ ಹಸ್ತಪ್ರತಿಯ ಸ್ಕ್ಯಾನ್ ಇಡಲು ಅಷ್ಟೇ ಜಾಗ ಉಳಿಯುತ್ತದೆ. ಮೂರನೆಯ ಕಿಟಕಿಯ ಅಗತ್ಯ ನನ್ನ ಕೆಲಸದಲ್ಲಿ ಅಪರೂಪ. ಜೊತೆಗೆ ಆ ಗಾತ್ರದ ಪರದೆಗಳಲ್ಲಿ ಹೆಚ್ಚಿನವು ಬಾಗಿದವು. ಅವುಗಳ ವಿವರದಲ್ಲಿ ಬರುವ 1500ಆರ್ ಎಂದರೆ ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ಬಾಗು. ಸಿನಿಮಾ ನೋಡುವವರಿಗೆ, ಆಟ ಆಡುವವರಿಗೆ ಹಿತ. ಮಾರ್ಜಿನ್ ಗೆರೆ ನೆಟ್ಟಗಿದೆಯೇ ಎಂದು ದಿನವಿಡೀ ನೋಡುವವರಿಗೆ ಖಂಡಿತ ಬೇಡ. ತೆರಿಗೆಯೂ ಒಂದು ಕಾರಣ. 2019ರಿಂದ 32 ಇಂಚಿನವರೆಗಿನ ಮಾನಿಟರಿಗೆ ಜಿಎಸ್‌ಟಿ ಶೇ 18, ಅದಕ್ಕೂ ದೊಡ್ಡದಕ್ಕೆ ಶೇ 28 ಇತ್ತು. ನಾನು ಕೊಂಡದ್ದು ಆ ಕಾಲದಲ್ಲಿ. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 18 ಆಗಿದೆ, ಈಗ ಕೊಳ್ಳುವವರಿಗೆ ಆ ಅಡ್ಡಿಯಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಂದು ಪಿಡಿಎಫ್ ಹಾಕಿಕೊಂಡಿದ್ದೆ. ಒಂದು ಪುಟದಲ್ಲಿ 9, 10, 11 ಪಾಯಿಂಟ್‌ಗಳಲ್ಲಿ ಬುದ್ಧ, ಯುದ್ಧ, ಸಿದ್ದ, ಎದ್ದ, ರಾಷ್ಟ್ರ, ಸ್ತ್ರೀ. ಇನ್ನೊಂದು ಪೂರ್ತಿ ಬಿಳಿ, ಮತ್ತೊಂದು ಪೂರ್ತಿ ಕಪ್ಪು. ಅಂಗಡಿಗಳಲ್ಲಿ ಮಾನಿಟರ್ ಮೇಲೆ ಓಡಿಸುವುದು ಹೂವು, ಜಲಪಾತಗಳ ವಿಡಿಯೊ. ಅದರಲ್ಲಿ ಎಲ್ಲ ಪರದೆಯೂ ಚೆಂದವೇ. “ಸಾರ್, ಇನ್ನೊಂಚೂರು ಹಾಕಿದ್ರೆ 32 ಇಂಚೇ ಬರುತ್ತೆ, ರೆಸಲ್ಯೂಶನ್ ಎಲ್ಲ ಸೇಮ್” ಎಂದರು ಅಂಗಡಿಯವರು. ಅದು ಸೇಮ್ ಆಗಿದ್ದುದೇ ನನಗೆ ಬೇಡವಾಗಿತ್ತು. ಎರಡರಲ್ಲೂ ನನ್ನ ಪುಟ ತೆರೆದು ತೋರಿಸಿದೆ. 32ರಲ್ಲಿ 9 ಪಾಯಿಂಟಿನ ‘ಬುದ್ಧ’ ‘ಬುದ್ದ’ ಆಗಿತ್ತು. ಅವರೂ ಬಗ್ಗಿ ನೋಡಿ, “ಹೌದಲ್ಲ ಸಾರ್” ಎಂದು ಒಳಗಿನಿಂದ ಇನ್ನೆರಡು 27 ಇಂಚಿನವನ್ನು ತರಿಸಿದರು. ಬಿಳಿ ಪುಟದಲ್ಲಿ ಕಪ್ಪು ಚುಕ್ಕಿ, ಕಪ್ಪು ಪುಟದಲ್ಲಿ ಮೂಲೆಗಳಿಂದ ಸೋರುವ ಬೆಳಕು, ಎರಡನ್ನೂ ಅಲ್ಲೇ ನೋಡಬೇಕು. ಒಂದೆರಡು ಸತ್ತ ಪಿಕ್ಸೆಲ್‌ಗೆಲ್ಲ ಎಲ್ಲ ಕಂಪನಿಗಳೂ ಬದಲಿ ಕೊಡುವುದಿಲ್ಲ.

ಪ್ಯಾನೆಲ್ ಐಪಿಎಸ್ ಇರಲಿ ಎಂದು ಮೊದಲೇ ನಿರ್ಧರಿಸಿದ್ದೆ, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆ ಅದು. ವಿಎ ಎಂಬ ಇನ್ನೊಂದು ಬಗೆಯ ಪರದೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ನಿಜ. ಆದರೆ ಪಕ್ಕದಲ್ಲಿ ಕೂತ ಲೇಖಕರಿಗೆ ಮುಖಪುಟದ ಬಣ್ಣ ಬೇರೆಯಾಗಿ ಕಾಣಬಾರದು. ಮೇಲ್ಮೈ ಮ್ಯಾಟ್, ಎತ್ತರ ಹೊಂದಿಸುವ ಸ್ಟ್ಯಾಂಡ್. ಇವೆರಡರಲ್ಲಿ ರಾಜಿ ಇಲ್ಲ.

ಕೇಬಲ್ ವಿಷಯಕ್ಕೆ ಯಾರೂ ಎಚ್ಚರಿಸುವುದಿಲ್ಲ. ನನ್ನ ಹಳೆಯ ಡೆಸ್ಕ್‌ಟಾಪಿನ ಎಚ್‌ಡಿಎಂಐ ಕಿಂಡಿ 1920×1200ಕ್ಕೇ ನಿಲ್ಲುವಂಥದ್ದು. ಅದೃಷ್ಟಕ್ಕೆ ಪಕ್ಕದಲ್ಲೇ ಡಿಸ್‌ಪ್ಲೇ ಪೋರ್ಟ್ ಇತ್ತು, ಅದರಲ್ಲಿ 2560×1440 ಸಲೀಸಾಗಿ ಬಂತು. ಪರದೆ ಆರಿಸುವ ಮುಂಚೆ ಸಿಪಿಯು ಪೆಟ್ಟಿಗೆಯ ಹಿಂಬದಿ ನೋಡಿ, ಮದರ್‌ಬೋರ್ಡಿನ ಮಾದರಿ ಹುಡುಕಿ, ಅದು ಎಷ್ಟನ್ನು ತಾಳುತ್ತದೆ ಎಂದು ಖಚಿತ ಮಾಡಿಕೊಳ್ಳಬೇಕು. ನೀಲಿ ಬಣ್ಣದ ವಿಜಿಎ ತಂತಿಯನ್ನಂತೂ ಈ ಗಾತ್ರಕ್ಕೆ ಹಾಕಲೇಬಾರದು, ಅಕ್ಷರದ ಅಂಚು ನೆರಳು ಬಿಡುತ್ತದೆ.

ಮನೆಗೆ ತಂದ ಮೇಲೆ ಹೊಳಪನ್ನು ಅರ್ಧಕ್ಕಿಂತ ಕೆಳಗಿಳಿಸಿದೆ. ಅಕ್ಷರದ ಅಂಚನ್ನು ನಯವಾಗಿಸುವ ವಿಂಡೋಸ್‌ನ ಕ್ಲಿಯರ್‌ಟೈಪ್ ಹೊಂದಿಕೆಯನ್ನು ಹೊಸ ಪರದೆಗೆ ತಕ್ಕಂತೆ ಮತ್ತೆ ಮಾಡಿದೆ. ಎರಡಡಿ ಆಳದ ಮೇಜಿನ ಮೇಲೆ ಸ್ಟ್ಯಾಂಡ್ ಇಟ್ಟರೆ ಪರದೆ ಮುಖದ ಹತ್ತಿರ ಬರುತ್ತಿತ್ತು. ಹಿಂದೆ 100 ಮಿ.ಮೀ. ಅಂತರದ ನಾಲ್ಕು ತಿರುಪುಗಳ ವೆಸಾ ಕಿಂಡಿಗಳಿದ್ದುದರಿಂದ ಗೋಡೆಗೇ ತೋಳು ಹಾಕಿಸಿ, ಕಣ್ಣಿಂದ ಒಂದು ಕೈ ದೂರಕ್ಕೆ ತಳ್ಳಿದೆ.

ಯೂನಿಕೋಡ್‌ನಲ್ಲೇ, ಪುಟ ಜೋಡಿಸುವ ಇತ್ತೀಚಿನ ಇನ್‌ಡಿಸೈನ್ ತಂತ್ರಾಂಶದಲ್ಲೇ ಪೂರ್ತಿ ಕೆಲಸ ಮಾಡುವವರು ಕಣ್ಣುಮುಚ್ಚಿ 27 ಅಥವಾ 32 ಇಂಚಿನ 4ಕೆ ಕೊಳ್ಳಲಿ. ಅವರಿಗೆ ಸ್ಕೇಲಿಂಗ್ ತೊಂದರೆ ಕೊಡುವುದಿಲ್ಲ, ಒತ್ತುಗಳು ಅಚ್ಚಿನಲ್ಲಿ ಕಂಡಂತೆಯೇ ಕಾಣುತ್ತವೆ. ಹಳೆಯ ಕಡತಗಳನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ ಮುಗಿದ ಮೇಲೆ ನಾನೂ ಅದನ್ನೇ ತರುವವನು.